ವಲಸೆ ಸಮ್ಮೇಳನದ ವಿದೇಶಿ ಅತಿಥಿಗಳಿಗೆ ಬೆಂಗಳೂರಲ್ಲಿ ಏನು ತೋರಿಸೋಣ, ಹೇಗೆ ಕರೆದೊಯ್ಯೋಣ?

ಸಂಚಾಲಕಿ_ಬೆಂ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಬೆಂಗಳೂರಿನಲ್ಲಿ ಜನರ ವಲಸೆ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಇದೆ. ಬುಧವಾರದಿಂದ ಶುಕ್ರವಾರದವರೆಗೆ ಗೋಷ್ಠಿಗಳು, ಶನಿವಾರ ಇಷ್ಟವಿದ್ದವರಿಗೆ ದಿನಪೂರ್ತಿ ಪ್ರವಾಸ. ಹೊರದೇಶದವರೇ ಸುಮಾರು 120 ಜನ. ಎಲ್ಲರೂ ಎಂ.ಜಿ. ರಸ್ತೆ ಆಸುಪಾಸಿನ ಹೋಟೆಲ್‌ಗಳಲ್ಲಿ ಇಳಿದುಕೊಳ್ಳುತ್ತಾರೆ. ಇಬ್ಬರು ಗಾಲಿಕುರ್ಚಿ ಬಳಸುವವರು, ಎಪ್ಪತ್ತು ದಾಟಿದವರೂ ಸಾಕಷ್ಟಿದ್ದಾರೆ.

ಸಮಿತಿಯ ಕರಡು ಹೀಗಿದೆ: ಗುರುವಾರ ಸಂಜೆ ಬಸ್ಸಿನಲ್ಲಿ ವಿಧಾನಸೌಧ, ಬೆಂಗಳೂರು ಅರಮನೆ, ಶುಕ್ರವಾರ ರಾತ್ರಿ ಊಟದ ಜೊತೆ ಸಾಂಸ್ಕೃತಿಕ ಕಾರ್ಯಕ್ರಮ, ಶನಿವಾರ ಮೈಸೂರು. ಹೃದ್ರೋಗ ತಜ್ಞರ ಸಮ್ಮೇಳನಕ್ಕೂ ಇದೇ ಪಟ್ಟಿ ಹಾಕಬಹುದು, ಹಾಕುತ್ತಾರೆ ಕೂಡ. ಬರುವವರು ಇಷ್ಟು ವರ್ಷ ಓದಿರುವುದು ಜನ ಊರು ಬಿಟ್ಟು ಇನ್ನೊಂದು ಊರು ಕಟ್ಟುವ ಬಗೆಯನ್ನು. ಹಾಗೆ ಕಟ್ಟಿದ ಊರೇ ಕಣ್ಣೆದುರಿಗಿರುವಾಗ ಅದನ್ನು ತೋರಿಸದೆ ಕಳಿಸಲು ನನಗೆ ಮನಸ್ಸಿಲ್ಲ. ಕೆಲವರು ಕಟ್ಟಡ ಕಾರ್ಮಿಕರ ಶೆಡ್‌ಗಳನ್ನು ನೋಡಬೇಕೆಂದೂ ಬರೆದಿದ್ದಾರೆ. ಬಲ್ಲವರು ದಾರಿ, ಸಮಯ, ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನೆಲ್ಲ ಬಿಡಿಸಿ ಹೇಳಿ.

ಪೇಟೆ_ನಡಿಗೆ

ಮೇಡಂ, ಗುರುವಾರ ಸಂಜೆಯ ಬಸ್ಸನ್ನು ಮೊದಲು ಕೈಬಿಡಿ. ಸಂಜೆ ಐದೂವರೆಯಿಂದ ಎಂಟರವರೆಗೆ ಕಸ್ತೂರಬಾ ರಸ್ತೆ, ಅರಮನೆ ರಸ್ತೆಗಳಲ್ಲಿ ಬಸ್ಸು ನಿಂತಲ್ಲೇ ನಿಲ್ಲುತ್ತದೆ. ಡಿಸೆಂಬರ್‌ನಲ್ಲಿ ಆರು ಗಂಟೆಗೆ ಸೂರ್ಯ ಮುಳುಗುವುದರಿಂದ ತಲುಪಿದರೂ ಕತ್ತಲೆ. ಅದೇ ಗುರುವಾರ ಬೆಳಿಗ್ಗೆ ಗೋಷ್ಠಿಯನ್ನು ಹತ್ತೂವರೆಗೆ ಶುರುಮಾಡಿ, ಅದಕ್ಕೂ ಮುಂಚೆ ಪೇಟೆ ತೋರಿಸಿ.

ಬೆಳಿಗ್ಗೆ 6ಕ್ಕೆ ಎಂ.ಜಿ. ರಸ್ತೆ ಮೆಟ್ರೊದಲ್ಲಿ ಸೇರುವುದು. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಎರಡನೇ ನಿಲ್ದಾಣ ಕೃಷ್ಣರಾಜೇಂದ್ರ ಮಾರುಕಟ್ಟೆ. 6.45ಕ್ಕೆ ಹೂವಿನ ಮಾರುಕಟ್ಟೆಯಲ್ಲಿರುತ್ತೀರಿ. 1921ರ ಹಳೇ ಕಟ್ಟಡದ ಮೊದಲ ಮಹಡಿಯ ಮೊಗಸಾಲೆಯಿಂದ ಕೆಳಗೆ ನೋಡಿದರೆ ಇಡೀ ವ್ಯಾಪಾರ ಒಂದೇ ನೋಟಕ್ಕೆ ಸಿಗುತ್ತದೆ. ಸೇವಂತಿಗೆ, ಚೆಂಡುಹೂವು ಮೂಟೆಗಟ್ಟಲೆ ತೂಕಕ್ಕೆ ಹೋಗುತ್ತವೆ. ಕಟ್ಟಿದ ಮಲ್ಲಿಗೆ, ಕನಕಾಂಬರ ಮಾತ್ರ ಮೊಳದ ಲೆಕ್ಕ, ಮಾರಿನ ಲೆಕ್ಕ. ಮಾರುವವಳು ಮೊಣಕೈಯಿಂದ ಬೆರಳ ತುದಿಗೆ ದಂಡೆ ಎಳೆದು ಅಳೆಯುವುದನ್ನು ಹತ್ತಿರ ನಿಂತು ನೋಡಲಿ. ಅದಾದ ಮೇಲೆ ಒಂದು ಮೊಳ ಕೊಂಡುಕೊಳ್ಳಲಿ. ಸುಮ್ಮನೆ ನಿಂತು ಫೋಟೊ ಹೊಡೆಯುವವರಿಂದ ಅವಳ ಗಿರಾಕಿಗೆ ಅಡ್ಡವಾಗುತ್ತದೆ.

7.20ಕ್ಕೆ ಅಲ್ಲಿಂದ ಹೊರಟು ಅವೆನ್ಯೂ ರಸ್ತೆ, ಅಂದರೆ ಹಳೇ ದೊಡ್ಡಪೇಟೆ ಹಿಡಿದು ಉತ್ತರಕ್ಕೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯ ಲಕ್ಷಣವೇ ಕಸುಬಿನ ಲೆಕ್ಕದಲ್ಲಿ ಬೀದಿ ಹಂಚಿದ್ದು. ಗಾಣಿಗರಪೇಟೆ, ಕುಂಬಾರಪೇಟೆ, ಬಳೇಪೇಟೆ, ಅಕ್ಕಿಪೇಟೆ, ಅರಳೇಪೇಟೆ, ತರಗುಪೇಟೆ. ಕಸುಬಿಗೆಂದು ಕರೆಸಿಕೊಂಡವರು, ತಾವಾಗಿ ಬಂದವರು ಅಲ್ಲಲ್ಲೇ ನೆಲೆನಿಂತರು. ಆಮೇಲೆ ರಾಜಸ್ಥಾನ, ಗುಜರಾತಿನ ವ್ಯಾಪಾರಿಗಳು ಬಂದರು. ಚಿಕ್ಕಪೇಟೆಯ ಅಂಗಡಿಗಳಲ್ಲಿ ಇವತ್ತಿಗೂ ಮಾರವಾಡಿ, ಕನ್ನಡ, ತಮಿಳು, ದಖನಿ ಒಂದೇ ಗಲ್ಲಾದಲ್ಲಿ ನಡೆಯುತ್ತವೆ. ಎಂಟಕ್ಕೆ ತಿಗಳರಪೇಟೆಯ ಧರ್ಮರಾಯ ದೇವಸ್ಥಾನ. ಕರಗ ಚೈತ್ರ ಹುಣ್ಣಿಮೆಗೆ, ಡಿಸೆಂಬರಿನಲ್ಲಿ ನೋಡಲು ಸಿಗದು. ಆದರೂ ತಮಿಳು ಸೀಮೆಯ ಬೇರುಳ್ಳ ತೋಟಗಾರ ತಿಗಳರು ಈ ಊರಿನ ಅತಿ ದೊಡ್ಡ ಹಬ್ಬದ ವಾರಸುದಾರರಾದದ್ದು, ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುವುದು, ಇವೆರಡನ್ನು ಆ ಗುಡಿಯ ಮುಂದೆಯೇ ನಿಂತು ಹೇಳಬೇಕು. 8.30ಕ್ಕೆ ತಿಂಡಿ, 9.20ಕ್ಕೆ ಚಿಕ್ಕಪೇಟೆ ಮೆಟ್ರೊ, ಹತ್ತಕ್ಕೆ ವಾಪಸ್.

ಒಂದು ತಂಡಕ್ಕೆ 15 ಜನ, ಅದಕ್ಕಿಂತ ಒಬ್ಬರೂ ಹೆಚ್ಚು ಬೇಡ. ಮುಂದೆ ವಿವರಣೆಗಾರರು, ಕೊನೆಯಲ್ಲಿ ಹಿಂದುಳಿದವರನ್ನು ಕಾಯುವ ಒಬ್ಬ ಸ್ವಯಂಸೇವಕ. ತಂಡಗಳ ನಡುವೆ ಹದಿನೈದು ನಿಮಿಷ ಅಂತರ. ಹಮಾಲಿಗಳು ತಲೆಹೊರೆ ಹೊತ್ತು ಓಡುವಾಗ ನಿಲ್ಲಲಾರರು. ಎಡಗೋಡೆಗೆ ಒತ್ತಿ ಸಾಲಾಗಿ ನಡೆಯಬೇಕೆಂದು ಹೊರಡುವ ಮುಂಚೆಯೇ ಎಲ್ಲರಿಗೂ ಹೇಳಿ. ಒದ್ದೆ ನೆಲ, ಹೂವಿನ ಕಸ ಇರುವುದರಿಂದ ಜಾರದ ಅಟ್ಟೆಯ ಷೂ, ಆದರೆ ಗುಡಿಯ ಹತ್ತಿರ ಬೇಗ ಕಳಚುವಂಥದ್ದು. ಶೌಚಾಲಯಕ್ಕೆ ಮಾರುಕಟ್ಟೆಯದ್ದನ್ನು ನಂಬಬೇಡಿ, ಮೆಟ್ರೊ ನಿಲ್ದಾಣದಲ್ಲೇ ಮುಗಿಸಿಕೊಳ್ಳಲಿ. ಭಾನುವಾರ ಈ ನಡಿಗೆ ಇಟ್ಟರೆ ಅರ್ಧಕ್ಕರ್ಧ ಮಳಿಗೆ ಮುಚ್ಚಿರುತ್ತವೆ, ಮೊದಲ ಮೆಟ್ರೊ ಕೂಡ ತಡ.

ದಂಡಿನ_ಬೀದಿ

ಪೇಟೆ ಅವಶ್ಯ ತೋರಿಸಿ. ಆದರೆ ಅದೊಂದನ್ನೇ ತೋರಿಸಿದರೆ ಬೆಂಗಳೂರಿನ ಅರ್ಧ ಕಥೆ. ಇನ್ನರ್ಧ ದಂಡು. ಶ್ರೀರಂಗಪಟ್ಟಣದ ಮಲೇರಿಯಾ ತಾಳಲಾರದೆ ಬ್ರಿಟಿಷರು 1809ರಲ್ಲಿ ಸೇನೆಯನ್ನು ಇಲ್ಲಿಗೆ ತಂದರು. ಸೇನೆಯ ಹಿಂದೆಯೇ ಅಡುಗೆಯವರು, ದರ್ಜಿಗಳು, ಗುತ್ತಿಗೆದಾರರು, ಕುದುರೆ ವ್ಯಾಪಾರಿಗಳು ಬಂದರು. ತಮಿಳರು, ತೆಲುಗರು, ದಖನಿ ಮುಸ್ಲಿಮರು, ಆಂಗ್ಲೊ ಇಂಡಿಯನ್ನರು. ಪೇಟೆಗೂ ದಂಡಿಗೂ ಆಡಳಿತ ಬೇರೆ ಬೇರೆ ಇತ್ತು, ಎರಡೂ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ನಿಮ್ಮ ಅತಿಥಿಗಳು ಇಳಿದುಕೊಳ್ಳುವುದೇ ದಂಡಿನಲ್ಲಿ, ಬಸ್ಸೂ ಬೇಡ.

ಸಂಜೆಗೆ ನನ್ನ ಆಯ್ಕೆ ರಿಚ್ಮಂಡ್ ಟೌನಿನ ಜಾನ್ಸನ್ ಮಾರುಕಟ್ಟೆ. 1824ರಲ್ಲಿ ಇರಾನಿನ ಶಿರಾಜ್‌ನಿಂದ ಕುದುರೆ ಮಾರಲು ಬಂದ ಆಗಾ ಅಲಿ ಅಸ್ಕರ್ ಇಲ್ಲೇ ನೆಲೆಯೂರಿ ಬಂಗಲೆಗಳನ್ನು ಕಟ್ಟಿಸಿದರು. ಅವರ ಕುದುರೆ ಲಾಯ ಇದ್ದ ಜಾಗದಲ್ಲೇ ಈ ಮಾರುಕಟ್ಟೆ ಎದ್ದಿತು. ಅವರ ಮೊಮ್ಮಗ ಸರ್ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರು. ವಲಸೆ ಬಂದ ಮನೆತನ ಮೂರನೇ ತಲೆಮಾರಿಗೆ ರಾಜ್ಯಭಾರ ನಡೆಸಿದ ಕಥೆಯನ್ನು ಆ ಮಾರುಕಟ್ಟೆಯಲ್ಲೇ ಸುಲೇಮಾನಿ ಚಹಾ ಕುಡಿಯುತ್ತಾ ಹೇಳಬಹುದು. ಐದಕ್ಕೆ ಶುರು ಮಾಡಿದರೆ ಆರೂವರೆಗೆ ಮುಗಿಯುತ್ತದೆ. ಹತ್ತು ಜನಕ್ಕಿಂತ ದೊಡ್ಡ ತಂಡ ಅಲ್ಲಿನ ಚಹಾ ಅಂಗಡಿಗೆ ಹಿಡಿಯುವುದಿಲ್ಲ. ಮಾಲೀಕರಿಗೆ ಹಿಂದಿನ ದಿನವೇ ತಿಳಿಸಿ.

ಹೆಚ್ಚು ನಡೆಯಬಲ್ಲವರಿಗೆ ಶಿವಾಜಿನಗರ: 1927ರ ರಸೆಲ್ ಮಾರುಕಟ್ಟೆ, ಪಕ್ಕದಲ್ಲೇ ಸಂತ ಮೇರಿ ಬೆಸಿಲಿಕಾ, ಸುತ್ತ ಮಸೀದಿಗಳು, ದೇವಸ್ಥಾನಗಳು. ಶುಕ್ರವಾರ ಮಧ್ಯಾಹ್ನ ಅಲ್ಲಿ ಹೋಗಬೇಡಿ, ನಮಾಜಿನ ಹೊತ್ತಿಗೆ ರಸ್ತೆಗಳು ತುಂಬಿರುತ್ತವೆ. ಅಂದಹಾಗೆ ನಿಮ್ಮ ಪ್ರತಿನಿಧಿಗಳಲ್ಲೂ ಮುಸ್ಲಿಮರಿರುತ್ತಾರೆ. ಶುಕ್ರವಾರ 12.45ರಿಂದ 2ರವರೆಗೆ ಯಾವ ಮುಖ್ಯ ಗೋಷ್ಠಿಯನ್ನೂ ಇಡಬೇಡಿ, ಹತ್ತಿರದ ಮಸೀದಿಯ ದಾರಿಯನ್ನು ಕಾರ್ಯಕ್ರಮ ಪುಸ್ತಿಕೆಯಲ್ಲೇ ಹಾಕಿ.

ಪೇಟೆ_ನಡಿಗೆ

ದಂಡಿನವರ ಮಾತು ಒಪ್ಪುತ್ತೇನೆ. ಬುಧವಾರ ಸಂಜೆ ದಂಡು, ಗುರುವಾರ ಬೆಳಿಗ್ಗೆ ಪೇಟೆ ಎಂದು ಎರಡನ್ನೂ ಇಟ್ಟು ಪ್ರತಿನಿಧಿ ಒಂದನ್ನು ಆರಿಸಿಕೊಳ್ಳಲಿ. 120 ಜನ ಒಂದೇ ಕಡೆ ಬಂದರೆ ಎರಡೂ ಕಡೆ ಉಸಿರುಗಟ್ಟುತ್ತದೆ.

ಮೂರನೇ_ಗೇರ್

ವಾಹನದ ವಿಷಯ. 49 ಸೀಟಿನ ಬಸ್ಸು ಪೇಟೆ, ಶಿವಾಜಿನಗರ, ರಿಚ್ಮಂಡ್ ಟೌನಿನ ಒಳಬೀದಿ ಯಾವುದಕ್ಕೂ ಹೋಗುವುದಿಲ್ಲ. ಹೋದರೂ ನಿಲ್ಲಿಸಲು ಜಾಗವಿಲ್ಲ. ಊರೊಳಗೆ ಮೆಟ್ರೊ, ಇಲ್ಲದಿದ್ದರೆ 12 ಸೀಟಿನ ಟೆಂಪೊ ಟ್ರಾವೆಲರ್. ದೊಡ್ಡ ಬಸ್ಸು ಶನಿವಾರದ ದೂರದ ಪ್ರಯಾಣಕ್ಕೆ ಮಾತ್ರ.

ಬಾಡಿಗೆ ಮಾತಾಡುವಾಗ ಕಿ.ಮೀ. ದರ ಒಂದನ್ನೇ ಕೇಳಿ ಮುಗಿಸಬೇಡಿ. ಹೊರಊರಿನ ಬಾಡಿಗೆಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಹಿಡಿಯುವುದು ರೂಢಿ, ಓಡಲಿ ಬಿಡಲಿ. ಅದರ ಮೇಲೆ ಚಾಲಕರ ಬಾಟಾ, ಟೋಲ್, ಪಾರ್ಕಿಂಗ್, ರಾತ್ರಿ ಹತ್ತರ ನಂತರದ್ದು ಬೇರೆ. ಮೀಟರ್ ಎಲ್ಲಿಂದ ಶುರು, ಗ್ಯಾರೇಜಿನಿಂದಲೋ ಹೋಟೆಲಿನಿಂದಲೋ ಎಂಬುದನ್ನು ಬರೆಸಿಕೊಳ್ಳಿ. ಜಗಳ ಬರುವುದು ಯಾವಾಗಲೂ ಅಲ್ಲೇ. ಚಾಲಕರ ಊಟ, ಒಂದು ಗಂಟೆ ವಿಶ್ರಾಂತಿ ವೇಳಾಪಟ್ಟಿಯಲ್ಲೇ ಇರಬೇಕು. ಬೆಳಿಗ್ಗೆ ಐದಕ್ಕೆ ಬಂದವರನ್ನು ರಾತ್ರಿ ಹನ್ನೊಂದರವರೆಗೆ ಓಡಿಸುವುದು ಅಪಾಯ.

ಮೈಸೂರಿನ ಬಗ್ಗೆ: 119 ಕಿ.ಮೀ.ನ ಹೊಸ ಹೆದ್ದಾರಿ 2023ರ ಮಾರ್ಚಿನಲ್ಲಿ ಬಂದ ಮೇಲೆ ಒಂದೂವರೆ ಗಂಟೆಯ ದಾರಿ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಕೆಂಗೇರಿ ಆಚೆಯಿಂದ. ಎಂ.ಜಿ. ರಸ್ತೆಯಿಂದ ಮೈಸೂರು ಅರಮನೆ ಬಾಗಿಲಿಗೆ ಶನಿವಾರ ಮೂರು ಗಂಟೆ ಹಿಡಿಯಿರಿ. ಬರುವಾಗ ಇನ್ನೂ ಹೆಚ್ಚು. ಅರಮನೆಯ ಪೂರ್ತಿ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ, ಶನಿವಾರ ಹೋದವರು ಅದನ್ನು ಕಾಯುವುದು ವ್ಯರ್ಥ.

ಫಾರಂ_ಸಿ

ಕಾಗದಪತ್ರ ಸರಿಯಿಲ್ಲದಿದ್ದರೆ ಮೇಲಿನ ಯಾವುದೂ ನಡೆಯದು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಗೃಹ ಸಚಿವಾಲಯದ ಅನುಮತಿ, ವಿದೇಶಾಂಗ ಸಚಿವಾಲಯದ ರಾಜಕೀಯ ಅನುಮತಿ ಆಗಿರಬೇಕು. ಪ್ರತಿನಿಧಿಗಳು ಕಾನ್ಫರೆನ್ಸ್ ವೀಸಾಕ್ಕೆ ಅರ್ಜಿ ಹಾಕುವಾಗ ಆ ಪತ್ರಗಳನ್ನೇ ಕೇಳುತ್ತಾರೆ. ನಿಮ್ಮ ಆಹ್ವಾನ ಪತ್ರದಲ್ಲಿ ಗೋಷ್ಠಿಗಳ ದಿನಾಂಕ ಮಾತ್ರ ಹಾಕಿ ಶನಿವಾರದ ಪ್ರವಾಸವನ್ನು ಬಿಟ್ಟರೆ ಕೆಲವರಿಗೆ ಆ ದಿನ ಸೇರದಂತೆ ವೀಸಾ ಸಿಗಬಹುದು. ಕೊನೆಯ ದಿನವನ್ನು ಪ್ರವಾಸವೂ ಸೇರಿ ಬರೆಯಿರಿ.

ವಿದೇಶಿಯರು ತಂಗುವ ಹೋಟೆಲು 24 ಗಂಟೆಯೊಳಗೆ ಅವರ ವಿವರದ ನಮೂನೆಯನ್ನು (ಹಿಂದಿನಿಂದ ಫಾರಂ ಸಿ ಎಂದೇ ಹೆಸರಾದದ್ದು) ಆನ್‌ಲೈನಿನಲ್ಲಿ ತುಂಬಬೇಕು. ಯಾರಾದರೂ ಇಲ್ಲಿನ ಗೆಳೆಯರ ಮನೆಯಲ್ಲಿ ರಾತ್ರಿ ಉಳಿದರೆ ಆ ಮನೆಯವರಿಗೂ ಇದೇ ನಿಯಮ. ಇದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಊಟಕ್ಕೆ ಕರೆದರೆ ಏನೂ ತೊಂದರೆ ಇಲ್ಲ.

ಬೈಲಕುಪ್ಪೆಗೆ ಹೋಗೋಣ ಎಂದು ನಿಮ್ಮಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ವಲಸೆಯ ವಿಷಯಕ್ಕೆ ಅದಕ್ಕಿಂತ ಹೊಂದುವ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ, ಒಪ್ಪೋಣ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ರಾಜ್ಯ ಕೊಟ್ಟ ಕಾಡುಭೂಮಿಯನ್ನು ಟಿಬೆಟನ್ ನಿರಾಶ್ರಿತರು ಕಡಿದು ಹಸನು ಮಾಡಿ ಮುಸುಕಿನ ಜೋಳ ಬೆಳೆದ ಊರು ಅದು. ನಾಮ್ಡ್ರೋಲಿಂಗ್ ಮಠ ಆಮೇಲೆ ಬಂದದ್ದು. ಆದರೆ ವಿದೇಶಿಯರು ಅಲ್ಲಿ ರಾತ್ರಿ ತಂಗಲು ಸಂರಕ್ಷಿತ ಪ್ರದೇಶದ ಪರವಾನಗಿ ಬೇಕೇ ಬೇಕು. ಅದು ಕೈಸೇರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಹಗಲು ಹೋಗಿಬರುವುದಾದರೂ ಗುಂಪಾಗಿ ಹೋಗುವ ಮುಂಚೆ ಜಿಲ್ಲಾ ಪೊಲೀಸರನ್ನೂ ವಿದೇಶಿಯರ ನೋಂದಣಿ ಕಚೇರಿಯನ್ನೂ ಲಿಖಿತವಾಗಿ ಕೇಳಿ. ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿಬಂದರೆ ಬಸ್ಸಿನಲ್ಲೇ ಹತ್ತು ಗಂಟೆ ಕಳೆಯುತ್ತದೆ. ಅದರ ಬದಲು ಅಲ್ಲಿನ ಹಿರಿಯರನ್ನೇ ಬೆಂಗಳೂರಿಗೆ ಕರೆಸಿ ಒಂದು ಗೋಷ್ಠಿ ಇಡಿ.

ಕ್ಷೇತ್ರಕಾರ್ಯ ಮಾಡುವ ಸಂಶೋಧಕರು ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಸಂದೇಶ ಕಳಿಸುವ ಜಿಪಿಎಸ್ ಸಾಧನ ತರುವುದುಂಟು. ಅನುಮತಿಯಿಲ್ಲದೆ ಅವನ್ನು ಭಾರತಕ್ಕೆ ತರುವುದು ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಇ-ಸಿಗರೇಟು 2019ರಿಂದ ನಿಷೇಧ. ಇವೆರಡನ್ನೂ ಮೊದಲ ಇಮೇಲ್‌ನಲ್ಲೇ ದಪ್ಪಕ್ಷರದಲ್ಲಿ ಹಾಕಿ.

ಕೂಲಿ_ಪರ

ಶೆಡ್‌ಗಳಿಗೆ ಬಸ್ಸು ಕಳಿಸಬೇಡಿ. ಯಾಕೆಂದು ಹೇಳುತ್ತೇನೆ. ಕಾರ್ಮಿಕರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅಲ್ಲಿರುವುದು ಮಕ್ಕಳು, ಬಾಣಂತಿಯರು, ಕಾಯಿಲೆ ಬಿದ್ದವರು. ತಗಡಿನ ಮನೆಗೆ ಬಾಗಿಲಾಚೆ ಖಾಸಗಿ ಜಾಗವೇ ಇಲ್ಲ. ಇಪ್ಪತ್ತು ಜನ ಹೊರಗೆ ನಿಂತರೆಂದರೆ ಅವರ ಅಡುಗೆಮನೆಯಲ್ಲಿ ನಿಂತ ಲೆಕ್ಕ. ನಾಳೆ ಗುತ್ತಿಗೆದಾರ ಯಾರ ಮಾತು ಕೇಳಿ ಬಂದಿದ್ದರು ಎಂದು ಅವರನ್ನೇ ವಿಚಾರಿಸುತ್ತಾನೆ.

ಮಾಡಬಹುದಾದದ್ದು ಇದೆ. ಕಟ್ಟಡ ಕಾರ್ಮಿಕರ ಸಂಘಟನೆಗಳ ಮೂಲಕ ಐದಾರು ಜನರನ್ನು ಗೋಷ್ಠಿಗೇ ಕರೆಯಿರಿ, ವೇದಿಕೆಯ ಮೇಲೆ, ಪ್ರಾಧ್ಯಾಪಕರ ಪಕ್ಕದ ಕುರ್ಚಿಯಲ್ಲಿ. ಅವರ ಒಂದು ದಿನದ ಕೂಲಿ, ಮೇಸ್ತ್ರಿಗಾದರೆ ಮೇಸ್ತ್ರಿ ಕೂಲಿ, ಹೋಗಿಬರುವ ಖರ್ಚು, ಉಳಿದ ಭಾಷಣಕಾರರಿಗೆ ಕೊಡುವ ಗೌರವಧನ, ಮೂರನ್ನೂ ಕೊಡಿ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು ಕನ್ನಡದಲ್ಲೇ ಮಾತಾಡುತ್ತಾರೆ. ಒಡಿಶಾ, ಪಶ್ಚಿಮ ಬಂಗಾಳ, ಜಾರ್ಖಂಡಿನವರಿಗೆ ಆಯಾ ಭಾಷೆಯ ಅನುವಾದಕರು ಬೇಕು. ಹಿಂದಿ ಸಾಕು ಎಂದುಕೊಂಡರೆ ಅವರು ಹೇಳುವುದರಲ್ಲಿ ಅರ್ಧ ಸೋರಿಹೋಗುತ್ತದೆ. ಕಾರ್ಮಿಕ ಕಲ್ಯಾಣ ಮಂಡಳಿಯ ನೋಂದಣಿ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದಾಗ ಪಡಿತರ ಏನಾಗುತ್ತದೆ, ಮಕ್ಕಳ ಶಾಲೆ: ಇಂಥ ವಿಷಯ ಮೊದಲೇ ಗೊತ್ತುಮಾಡಿ ಅವರಿಗೆ ತಿಳಿಸಿ. ಸಂಬಳದ ಬಾಕಿ ಕುರಿತ ಪ್ರಶ್ನೆ ಸಭೆಯಲ್ಲಿ ಕೇಳಬಾರದು. ಉತ್ತರ ಕೊಟ್ಟವರ ಕೆಲಸಕ್ಕೇ ಕುತ್ತು ಬರುತ್ತದೆ.

ದಂಡಿನ_ಬೀದಿ

ಇದಕ್ಕೆ ಒಂದು ಸೇರಿಸಲೇ? ಫೋಟೊ. ವಲಸೆ ಸಮ್ಮೇಳನಕ್ಕೆ ಬರುವವರಲ್ಲಿ ಸ್ವತಃ ದೇಶ ಬಿಟ್ಟು ಬಂದವರು, ಊರಲ್ಲಿ ಕುಟುಂಬ ಉಳಿದವರು ಇರುತ್ತಾರೆ. ಅವರ ಮುಖ ಜಾಲತಾಣದಲ್ಲಿ ಬಂದರೆ ಅಲ್ಲಿರುವವರಿಗೆ ತೊಂದರೆ. ಬ್ಯಾಡ್ಜ್ ದಾರದಲ್ಲಿ ಎರಡು ಬಣ್ಣ ಇಡಿ. ಕೆಂಪು ದಾರದವರ ಫೋಟೊ ಯಾರೂ ತೆಗೆಯುವಂತಿಲ್ಲ. ಬ್ಯಾಡ್ಜಿನಲ್ಲಿ ದೇಶದ ಹೆಸರು ಬೇಡ, ಸಂಸ್ಥೆಯ ಹೆಸರು ಸಾಕು. ಪ್ರವಾಸದ ಗುಂಪು ಫೋಟೊಗೂ ಇದೇ ನಿಯಮ. ನೀವು ನೇಮಿಸಿದ ಛಾಯಾಗ್ರಾಹಕರಿಗೆ ಇದನ್ನು ಬರಹದಲ್ಲಿ ಕೊಡಿ.

ಎಲೆಊಟ

ಶುಕ್ರವಾರದ ಊಟಕ್ಕೆ ಬರುತ್ತೇನೆ. ಒಟ್ಟು 200 ಜನ ಎಂದುಕೊಳ್ಳೋಣ. ಬಾಳೆಲೆ ಊಟವೇ ಮಾಡಿಸಿ, ಆದರೆ ನೆಲದ ಮೇಲೆ ಬೇಡ, ಮೇಜು ಕುರ್ಚಿ. ಒಂದು ಪಂಕ್ತಿಗೆ 70ರಂತೆ ಮೂರು ಪಂಕ್ತಿ, ಪ್ರತಿ ಪಂಕ್ತಿಗೆ 45 ನಿಮಿಷ. ಬಡಿಸುವವರು ಹತ್ತು ಜನಕ್ಕೆ ಒಬ್ಬರು. ಎಲೆ 230 ತರಿಸಿ. ಸೀಳಿದ್ದು, ಚಿಕ್ಕದು ತೆಗೆದು ಹಾಕಿದ ಮೇಲೆ 200 ಉಳಿಯುತ್ತದೆ. ತುದಿ ಊಟ ಮಾಡುವವರ ಎಡಕ್ಕೆ. ಕಾಯುವ ಎರಡು ಪಂಕ್ತಿಯವರಿಗೆ ಅಷ್ಟು ಹೊತ್ತು ಕಾರ್ಯಕ್ರಮ ಇರಲಿ.

ಅಲರ್ಜಿಯಲ್ಲಿ ಅಡುಗೆಯವರೂ ಗಮನಿಸದ ಒಂದು ವಸ್ತು ಇಂಗು. ಅಂಗಡಿಯ ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಗೋಧಿ ಆಗದವರಿಗೆ ಅನ್ನ, ಸಾರು, ಹುಳಿ ಎಲ್ಲ ಸುರಕ್ಷಿತ ಎಂದು ಬಡಿಸಿದರೆ ಒಗ್ಗರಣೆಯಲ್ಲೇ ಗೋಧಿ ಹೋಗಿರುತ್ತದೆ. ಡಬ್ಬಿಯ ಮೇಲೆ ಓದಿ, ಅಕ್ಕಿ ಹಿಟ್ಟು ಬೆರೆಸಿದ್ದು ತರಿಸಿ ಅಥವಾ ಆ ಊಟಕ್ಕೆ ಇಂಗನ್ನೇ ಬಿಡಿ. ಕಡಲೆಕಾಯಿ ಚಿತ್ರಾನ್ನದಲ್ಲೂ ಪುಳಿಯೋಗರೆಯಲ್ಲೂ ಅಡಗಿರುತ್ತದೆ, ಗೋಡಂಬಿ ಪಾಯಸದಲ್ಲಿ. ಹಾಲಿನ ಪದಾರ್ಥ ತಿನ್ನದವರಿಗೆ ತುಪ್ಪ ಬಡಿಸುವವರೇ ದೊಡ್ಡ ಸಮಸ್ಯೆ. ಕೇಳದೆಯೇ ಅನ್ನದ ಮೇಲೆ ಸುರಿದುಬಿಡುತ್ತಾರೆ. ಅಂಥವರ ಎಲೆಯ ಮೇಲುಗಡೆ ಹಸಿರು ಚೀಟಿ ಇಟ್ಟು, ಪಾಯಸವನ್ನು ಬೆಲ್ಲ, ತೆಂಗಿನಹಾಲಿನಲ್ಲಿ ಮಾಡಿಸಿ. ಜೈನರಿದ್ದರೆ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಇಲ್ಲದ ಪಾತ್ರೆ ಬೇರೆ.

ಮೆನುವಿನಲ್ಲೇ ವಲಸೆ ತೋರಿಸಬಹುದು. ಹಸಿಮೆಣಸಿನಕಾಯಿ, ಬ್ಯಾಡಗಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ ಎಲ್ಲವೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಅವಕ್ಕೂ ಮೊದಲು ಖಾರಕ್ಕೆ ಇದ್ದದ್ದು ಕರಿಮೆಣಸು, ಹಿಪ್ಪಲಿ. ಎಲೆಯ ಪಕ್ಕ ಒಂದು ಅಂಗೈಯಗಲದ ಕಾರ್ಡಿನಲ್ಲಿ ಇಷ್ಟನ್ನು ಅಚ್ಚು ಹಾಕಿಸಿ. ಮಾಂಸಾಹಾರ ಇಡುವುದಾದರೆ ಅರಬ್ ವ್ಯಾಪಾರಿಗಳ ಮೂಲದ ಭಟ್ಕಳದ ನವಾಯತರ ಬಿರಿಯಾನಿ, ಗೋವೆಯಿಂದ ಬಂದ ಮಂಗಳೂರು ಕ್ರೈಸ್ತರ ಸಾನ್ನ (ಇಡ್ಲಿಯಂಥ ಅಕ್ಕಿ ತಿಂಡಿ) ಮತ್ತು ಕೋಳಿ ಸಾರು ಬೇರೆ ಕೌಂಟರಿನಲ್ಲಿ. ಕೋಳಿ, ಕುರಿ ಹಲಾಲ್ ಆಗಿದ್ದರೆ ಆ ಕೌಂಟರಿಗೆ ಫಲಕ ಹಾಕಿ, ಬಾಯಲ್ಲಿ ಹೇಳಿದರೆ ಸಾಲದು. ಮದ್ಯ ಬೇಕೆಂದರೆ ಪರವಾನಗಿ ಇರುವ ಹೋಟೆಲಿನಲ್ಲೇ ಮುಗಿಸಿ. ಹೊರಗಿನ ಹುಲ್ಲುಹಾಸಿನಲ್ಲಾದರೆ ಅಬಕಾರಿ ಇಲಾಖೆಯ ಸಾಂದರ್ಭಿಕ ಪರವಾನಗಿಗೆ ಮುಂಚೆಯೇ ಅರ್ಜಿ ಹಾಕಬೇಕು.

ಚೌಕಿಮನೆ

ಕಾರ್ಯಕ್ರಮಕ್ಕೆ ಯಕ್ಷಗಾನ ಎಂದರೆ ತಿಳಿದಿರಲಿ: ದೀಪಾವಳಿ ಕಳೆದ ಮೇಲೆ ಮೇಳಗಳ ತಿರುಗಾಟ ಶುರುವಾಗಿ ಮೇ ತಿಂಗಳ ಪತ್ತನಾಜೆಯವರೆಗೆ ನಡೆಯುತ್ತದೆ. ಡಿಸೆಂಬರಿನಲ್ಲಿ ವೃತ್ತಿಮೇಳದ ಕಲಾವಿದರಿಗೆ ಪ್ರತಿ ರಾತ್ರಿ ಆಟ. ಅವರನ್ನು ಬೆಂಗಳೂರಿಗೆ ಕರೆಸಲು ಹೋಗಬೇಡಿ, ಬೆಂಗಳೂರಿನಲ್ಲೇ ನೆಲೆಸಿರುವ ಕರಾವಳಿಯವರ ಹವ್ಯಾಸಿ ತಂಡಗಳಿವೆ. ಊರು ಬಿಟ್ಟು ಬಂದವರು ಕಲೆಯನ್ನು ಹೊತ್ತು ತಂದ ಬಗೆ ಅದರಲ್ಲೇ ಕಾಣುತ್ತದೆ, ನಿಮ್ಮ ವಿಷಯಕ್ಕೂ ಹೊಂದುತ್ತದೆ.

ಐವತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಅರ್ಥಗಾರಿಕೆ ಸ್ಥಳದಲ್ಲೇ ಹುಟ್ಟುವ ಮಾತು, ಅದಕ್ಕೆ ಪರದೆಯ ಮೇಲೆ ಅನುವಾದ ಓಡಿಸಲಾಗದು. ಮಾತು ಕಡಿಮೆ, ಕುಣಿತ ಹೆಚ್ಚಿರುವ ಪ್ರಸಂಗದ ಭಾಗ ಆರಿಸಿ, ಕಥಾಸಾರವನ್ನು ಒಂದು ಪುಟದಲ್ಲಿ ಮೊದಲೇ ಹಂಚಿ. ವೇದಿಕೆ ಕನಿಷ್ಠ 20 ಅಡಿಗೆ 20 ಅಡಿ, ಮರದ ಹಲಗೆ ಅಲುಗಬಾರದು, ಕಾರ್ಪೆಟ್ ಬೇಡ, ಗೆಜ್ಜೆಗಾಲು ಸಿಕ್ಕಿಕೊಳ್ಳುತ್ತದೆ. ಬಣ್ಣ, ವೇಷಕ್ಕೆ ಎರಡು ಗಂಟೆ ಬೇಕು, ಆದ್ದರಿಂದ ಚೌಕಿಗೆ ಕನ್ನಡಿ, ಬೆಳಕು, ನೀರಿರುವ ಕೋಣೆಯನ್ನು ಮಧ್ಯಾಹ್ನ ಮೂರಕ್ಕೇ ಬಿಟ್ಟುಕೊಡಿ. ಅತಿಥಿಗಳು ಹತ್ತತ್ತು ಜನರಂತೆ ಚೌಕಿಗೆ ಬಂದು ಮುಖಕ್ಕೆ ಬಣ್ಣ ಬಳಿಯುವುದು, ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟುವುದು ನೋಡಬಹುದೇ ಎಂದು ತಂಡವನ್ನು ಕೇಳಿ. ಎಷ್ಟೋ ಸಲ ಆಟಕ್ಕಿಂತ ಅದೇ ಹೆಚ್ಚು ಮನಸ್ಸಿಗೆ ಹಿಡಿಸುತ್ತದೆ. ಭಾಗವತರಿಗೆ, ಮದ್ದಳೆಗೆ ಮೈಕು ಕೊಡಿ, ಚೆಂಡೆಗೆ ಬೇಡವೇ ಬೇಡ. ಮುಚ್ಚಿದ ಸಭಾಂಗಣದಲ್ಲಿ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡು ಕೂರುತ್ತಾರೆ. ಬಯಲಾದರೆ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕು.

ಸಿದ್ದಿ ಕಲಾವಿದರನ್ನು ಕರೆಯುವ ಯೋಚನೆ ಇದ್ದರೆ ಸ್ವಾಗತ. ಪೋರ್ಚುಗೀಸರು, ಅರಬರು ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ತಂದವರ ಸಂತತಿ, ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನಲ್ಲಿ ಬದುಕುವ ಕನ್ನಡನಾಡಿನವರು. ಆದರೆ ಜನ ಉಣ್ಣುತ್ತಿರುವಾಗ ಪಕ್ಕದಲ್ಲಿ ಅವರನ್ನು ಕುಣಿಸಬೇಡಿ. 45 ನಿಮಿಷದ ಕುಣಿತ ಮತ್ತು ಮಾತುಕತೆ, ತಮ್ಮ ಪರಿಚಯವನ್ನು ತಾವೇ ಹೇಳಿಕೊಳ್ಳಲಿ, ನಿರೂಪಕರು ಅನುವಾದಿಸಲಿ. ಯಲ್ಲಾಪುರ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬಂದು ಅದೇ ಸಂಜೆ ಕುಣಿದು ಅದೇ ರಾತ್ರಿ ಹಿಂತಿರುಗುವಂತೆ ಮಾಡುವುದು ತಪ್ಪು. ಎರಡು ರಾತ್ರಿಯ ವಸತಿ ಕೊಡಿ. ಸಿದ್ದಿ ಹೆಂಗಸರು ಹಳೇ ಸೀರೆ ತುಂಡುಗಳಿಂದ ಹೊಲಿಯುವ ಕೌದಿಗಳ ಮಳಿಗೆ ಇಟ್ಟರೆ ಬೆಲೆಯನ್ನು ಅವರೇ ಬರೆದಿರಲಿ, ಪೂರ್ತಿ ಹಣ ಅವರಿಗೇ ಹೋಗಲಿ. ಗೌರವಧನವನ್ನು ಕಾರ್ಯಕ್ರಮದ ಮುಂಚೆ ಅರ್ಧ, ಮುಗಿದ ರಾತ್ರಿಯೇ ಉಳಿದರ್ಧ ಕೊಡಿ. ವಿಶ್ವವಿದ್ಯಾಲಯದ ಬಿಲ್ ಮಂಜೂರಾಗುವವರೆಗೆ ಕಲಾವಿದರು ಕಾಯುವಂತಾಗಬಾರದು.

ಮಾರಿಕುಪ್ಪಂ_ಲೋಕಲ್

ಶನಿವಾರಕ್ಕೆ ಮೈಸೂರು ಯಾಕೆ? ಕೋಲಾರ ಚಿನ್ನದ ಗಣಿಗೆ (ಕೆಜಿಎಫ್) ಬನ್ನಿ. ಬೆಂಗಳೂರಿನಿಂದ ಸುಮಾರು 100 ಕಿ.ಮೀ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಇಳಿದ ಮೇಲೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನಿಂದ ಸಾವಿರಾರು ಕುಟುಂಬಗಳು ಬಂದವು, ಬಹುಪಾಲು ದಲಿತರು. ಊರಿನ ಜಮೀನ್ದಾರಿಕೆಯಿಂದ ಬಿಡಿಸಿಕೊಳ್ಳಲು ಭೂಮಿಯ ಒಳಗೆ ಇಳಿದವರು ಅವರು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿ.ಮೀ.ಗಿಂತ ಆಳಕ್ಕೆ ಹೋಯಿತು. 2001ರ ಫೆಬ್ರವರಿ 28ಕ್ಕೆ ಎಲ್ಲ ಮುಚ್ಚಿತು. ಅವರ ಮೊಮ್ಮಕ್ಕಳು ಈಗ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ, ರಾತ್ರಿ ಹಿಂತಿರುಗುತ್ತಾರೆ. ವಲಸೆ ಬಂದವರ ಊರೇ ವಲಸೆ ಹೋಗುವವರ ಊರಾದದ್ದನ್ನು ಇಷ್ಟು ಹತ್ತಿರದಲ್ಲಿ ಬೇರೆಲ್ಲಿ ತೋರಿಸುತ್ತೀರಿ?

ಬೆಳಿಗ್ಗೆ 6.30ಕ್ಕೆ ಬಸ್ಸು ಬಿಟ್ಟರೆ 9.30ಕ್ಕೆ ರಾಬರ್ಟ್‌ಸನ್‌ಪೇಟೆ. ಬೆಳಗಿನ ರೈಲುಗಳ ಜನಪ್ರವಾಹ ಬೆಂಗಳೂರಿನ ಕಡೆಗಿರುತ್ತದೆ, ವೇಳೆಯೂ ನಿಮಗೆ ಹೊಂದದು. ಗಣಿ ಕಾರ್ಮಿಕರ ಲೈನುಗಳ, ಅಂದರೆ ಸಾಲುಮನೆಗಳ, ಬೀದಿಯಲ್ಲಿ ನಡೆಯುವಾಗ ಅಲ್ಲಿಯೇ ಹುಟ್ಟಿ ಬೆಳೆದವರೇ ವಿವರಣೆ ಕೊಡಲಿ, ಬೆಂಗಳೂರಿನಿಂದ ಗೈಡ್ ತರಬೇಡಿ. ಅವರಿಗೆ ಗೈಡ್‌ನಷ್ಟೇ ಸಂಭಾವನೆ. ಗಣಿ ಕಂಪನಿಯ ಜಾಗಕ್ಕೆ, ಶಾಫ್ಟ್‌ಗಳ (ಗಣಿಗೆ ಇಳಿಯುವ ಬಾವಿಗಳ) ಹತ್ತಿರಕ್ಕೆ ಲಿಖಿತ ಅನುಮತಿ ಇಲ್ಲದೆ ಹೋಗುವಂತಿಲ್ಲ. ಅನುಮತಿ ಇದ್ದರೂ ನೆಲ ಕುಸಿಯುವ ಕಡೆಗಳಿವೆ, ಹಾದಿ ಬಿಟ್ಟು ಒಂದು ಹೆಜ್ಜೆಯೂ ಇಡಬಾರದು. ಚಿನ್ನ ತೆಗೆದು ಉಳಿದ ಸೈನೈಡ್ ಮಣ್ಣಿನ ದಿಬ್ಬಗಳನ್ನು ದೂರದಿಂದಲೇ ತೋರಿಸಿ. ಮಧ್ಯಾಹ್ನ ಗಾಳಿ ಎದ್ದರೆ ಆ ಧೂಳು ಊರ ಮೇಲೆಲ್ಲ ಹರಡುತ್ತದೆ, ಅಸ್ತಮಾ ಇರುವವರು ಮುಖಗವಸು ಹಾಕಲೇಬೇಕು. ಹೊರಗಿನ ಓಡಾಟ ಹನ್ನೆರಡಕ್ಕೆ ಮುಗಿಸಿ, ಊಟದ ಮೇಲೆ ಒಂದು ಸಭಾಂಗಣದಲ್ಲಿ ನಿವೃತ್ತ ಗಣಿ ಕಾರ್ಮಿಕರೊಡನೆ ಮಾತುಕತೆ. ತಮಿಳು ಅನುವಾದಕರು ಇರಲಿ. ಬರುವ ದಾರಿಯಲ್ಲಿ ಬಂಗಾರಪೇಟೆಯ ತಿಳಿನೀರಿನ ಪಾನಿಪುರಿ, ಆದರೆ ಆ ನೀರನ್ನು ಸೀಲ್ ಮಾಡಿದ ಕುಡಿಯುವ ನೀರಿನಲ್ಲೇ ಮಾಡಿಕೊಡುವಂತೆ ಹಿಂದಿನ ದಿನ ಹೇಳಿಡಿ. 6.30ಕ್ಕೆ ಹೋಟೆಲ್.

ಮೂರನೇ_ಗೇರ್

ಕೆಜಿಎಫ್ ಒಳ್ಳೆಯದು, ಆದರೆ ಗಾಲಿಕುರ್ಚಿಯವರಿಗೆ, ಹೆಚ್ಚು ನಡೆಯಲಾರದವರಿಗೆ ಅರಗುಬಣ್ಣದ ಮರದ ಬೊಂಬೆಗಳ ಊರಾದ ಚನ್ನಪಟ್ಟಣ ಇಟ್ಟುಕೊಳ್ಳಿ. 60 ಕಿ.ಮೀ., ಅರ್ಧ ದಿನದ ಕೆಲಸ. ಚಾಲಕರಿಗೆ ಮೊದಲೇ ಹೇಳಿ: ಹೊಸ ಹೆದ್ದಾರಿ ರಾಮನಗರವನ್ನೂ ಚನ್ನಪಟ್ಟಣವನ್ನೂ ಬಳಸಿಕೊಂಡು ಹೋಗುತ್ತದೆ. ರಾಮನಗರಕ್ಕೆ ಮುಂಚೆಯೇ ಇಳಿದು ಹಳೇ ರಸ್ತೆ ಹಿಡಿಯದಿದ್ದರೆ ಬೊಂಬೆಯೂರು ದಾಟಿ ಮುಂದಿರುತ್ತೀರಿ. ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕಸುಬು ಹಬ್ಬಿಸಿದನೆಂದು ಅಲ್ಲಿ ಹೇಳುತ್ತಾರೆ. ಮನೆ ಮುಂದಿನ ಲೇತಿನಲ್ಲಿ ಆಲೆ ಮರದ ತುಂಡು ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಕನ್ನಡಿಯ ಹೊಳಪು. ಐದು ನಿಮಿಷದಲ್ಲಿ ಒಂದು ಬುಗುರಿ ಮುಗಿಯುವುದನ್ನು ಕುರ್ಚಿಯಲ್ಲೇ ಕೂತು ನೋಡಬಹುದು. ಲೇತಿನ ಹತ್ತಿರ ಶಾಲು, ಬ್ಯಾಡ್ಜ್ ದಾರ ತೂಗಾಡಬಾರದು.

ಸಂಚಾಲಕಿ_ಬೆಂ

ಎಲ್ಲರಿಗೂ ಧನ್ಯವಾದ. ಸಮಿತಿಗೆ ಹೊಸ ಪಟ್ಟಿ ಕಳಿಸುತ್ತಿದ್ದೇನೆ: ಬುಧವಾರ ಸಂಜೆ ದಂಡು, ಗುರುವಾರ ಬೆಳಿಗ್ಗೆ ಪೇಟೆ, ಶುಕ್ರವಾರ ಕಾರ್ಮಿಕರ ಗೋಷ್ಠಿ ಮತ್ತು ಎಲೆಊಟ, ಶನಿವಾರ ಕೆಜಿಎಫ್ ಅಥವಾ ಚನ್ನಪಟ್ಟಣ. ಮೂರು ಪ್ರಶ್ನೆ ಉಳಿದಿವೆ. ಪೇಟೆಗೆ ಬರಲಾಗದವರಿಗೆ ಗುರುವಾರ ಏನು? ಚಿಲ್ಲರೆ ಖರ್ಚಿಗೆ ಅತಿಥಿಗಳು ಹಣ ಹೇಗೆ ಕೊಡಬೇಕು? ಮಳೆ ಬಂದರೆ?

ದಂಡಿನ_ಬೀದಿ

ಗುರುವಾರ ಅವರನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ. ಸಮತಟ್ಟಾದ ಅಗಲ ದಾರಿಗಳು, 1889ರ ಗಾಜಿನಮನೆಯವರೆಗೆ ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ. ಬಂಡೆಯ ಕಡೆ ಮಾತ್ರ ಬೇಡ. ಹೈದರ್ ಕಾಲದಿಂದ ದೂರದೇಶದ ಗಿಡಗಳು ಬಂದು ಬೇರೂರಿದ ತೋಟ ಅದು. 1908ರಲ್ಲಿ ಇಲ್ಲಿನ ಹೊಣೆ ಹೊತ್ತ ಜರ್ಮನ್ ತೋಟಗಾರ ಕ್ರುಂಬಿಗಲ್, ಮಹಾಯುದ್ಧ ಬಂದಾಗ ಶತ್ರುದೇಶದವರೆಂದು ಬಂಧನದಲ್ಲಿದ್ದವರು, ಕೊನೆಗೆ ಬೆಂಗಳೂರಿನ ಮಣ್ಣಲ್ಲೇ ಮಣ್ಣಾದವರು. ನಿಮ್ಮ ಅತಿಥಿಗಳಿಗೆ ಇವರ ಕಥೆ ಹೇಳಲೇಬೇಕು.

ಫಾರಂ_ಸಿ

ಹಣದ ಬಗ್ಗೆ: ವಿದೇಶಿ ಕಾರ್ಡು ಮಾರುಕಟ್ಟೆಯಲ್ಲಿ ನಡೆಯದು. ವಿದೇಶಿಯರಿಗೆಂದೇ ಇರುವ ಯುಪಿಐ ವ್ಯಾಲೆಟ್ ಇದೆ, ಅದನ್ನು ಪಾಸ್‌ಪೋರ್ಟ್, ವೀಸಾ ತೋರಿಸಿ ಪಡೆಯಬೇಕು. ಎಲ್ಲರೂ ಮಾಡಿಸಿಕೊಳ್ಳುವುದಿಲ್ಲ. ನೋಂದಣಿ ಮೇಜಿನ ಹತ್ತಿರ ಅಧಿಕೃತ ಹಣ ವಿನಿಮಯದವರನ್ನು ಮೊದಲ ದಿನ ಕೂರಿಸಿ, 500ರ ನೋಟಿನ ಬದಲು 100, 50, 20ರಲ್ಲಿ ಕೊಡಲು ಹೇಳಿ. ಪುರಾತತ್ವ ಇಲಾಖೆಯ ಸ್ಮಾರಕಕ್ಕೆ ಯಾರಾದರೂ ಸ್ವಂತವಾಗಿ ಹೋಗುವುದಾದರೆ ವಿದೇಶಿಯರ ಟಿಕೆಟ್ ದರ ಬೇರೆ, ಹೆಚ್ಚು; ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶದವರಿಗೆ ಭಾರತೀಯರ ದರವೇ. ನೇಪಾಳ, ಬಾಂಗ್ಲಾ, ಶ್ರೀಲಂಕಾದಿಂದ ಬರುವವರು ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಲಿ.

ಮೂರನೇ_ಗೇರ್

ಡಿಸೆಂಬರಿನಲ್ಲಿ ಮಳೆ ಅಪರೂಪ. ಬಂದರೆ ಚೆನ್ನೈ ಕಡೆಯ ಚಂಡಮಾರುತದಿಂದ, ಎರಡು ಮೂರು ದಿನ ಬಿಡದ ಜಿಟಿಜಿಟಿ. ಮುನ್ಸೂಚನೆ ಮೂರು ದಿನ ಮುಂಚೆ ಸಿಗುತ್ತದೆ. ಆದ್ದರಿಂದ ಕೆಜಿಎಫ್ ಬಸ್ಸನ್ನು ರದ್ದುಮಾಡುವ ಕೊನೆಯ ಗಡುವು ಗುರುವಾರ ಸಂಜೆ ಐದು ಎಂದು ಬಾಡಿಗೆ ಕರಾರಿನಲ್ಲಿ ಬರೆಸಿ, ಮುಂಗಡ ಕಾಲುಭಾಗಕ್ಕಿಂತ ಹೆಚ್ಚು ಕೊಡಬೇಡಿ. ಮಳೆಯಾದರೆ ಪೇಟೆ ತಂಡಗಳನ್ನು ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯಗಳಿಗೆ ತಿರುಗಿಸಬಹುದು, ಎಂ.ಜಿ. ರಸ್ತೆಯಿಂದ ಹತ್ತು ಹದಿನೈದು ನಿಮಿಷದ ನಡಿಗೆ. ಆದರೆ ಅವು ಅಷ್ಟು ಬೆಳಿಗ್ಗೆ ತೆರೆಯುವುದಿಲ್ಲ, ಸಂಜೆ ಬೇಗ ಮುಚ್ಚುತ್ತವೆ, ಆದ್ದರಿಂದ ಹಗಲಿನ ಬಿಡುವಿಗೆ ಇಟ್ಟುಕೊಳ್ಳಿ. ಛತ್ರಿ ಬೇಡ, ಪೇಟೆಯ ಬೀದಿಯಲ್ಲಿ ಪಕ್ಕದವರ ಕಣ್ಣಿಗೆ ತಾಗುತ್ತದೆ. ತಲೆಗವಸಿರುವ ತೆಳು ರೇನ್‌ಕೋಟ್ 130 ತರಿಸಿಡಿ.